ಸೆರಗಿನ ನೀರು

ಓಆರ್‌ಎಸ್ ಪುಡಿಯನ್ನು ನೀರಿಗೆ ಸುರಿದಾಗ ಏಳುವ ಆ ಹುಸಿ ಕಿತ್ತಳೆಯ ವಾಸನೆ ನಿಮಗೂ ಗೊತ್ತಿರಬೇಕು. ಹೋದ ವಾರ ಹರಪನಹಳ್ಳಿಯ ಆಸ್ಪತ್ರೆಯಲ್ಲಿ, ವಾಂತಿಭೇದಿಯಿಂದ ಬಾಡಿದ ಮೊಮ್ಮಗಳಿಗೆ ನರ್ಸಮ್ಮ ಆ ನೀರನ್ನು ಗುಟುಕು ಗುಟುಕಾಗಿ ಹಾಕುತ್ತಿದ್ದಳು. ಪಕ್ಕದಲ್ಲಿ ನಿಂತ ನನಗೆ ಹಾಲವ್ವ ನೆನಪಾದಳು. ಹಾಲವ್ವ ನನ್ನ ಹೆಂಡತಿ; ತೀರಿಕೊಂಡು ವರ್ಷಗಳಾದವು. ಕಿತ್ತಳೆಗೂ ಅವಳಿಗೂ ಏನೂ ಸಂಬಂಧವಿಲ್ಲ. ಅವಳ ಸೀರೆಗೆ ಇದ್ದದ್ದು ಒಲೆಯ ಹೊಗೆಯ ವಾಸನೆ. ಅದನ್ನು ಈಗ ಎಲ್ಲಿ ಹುಡುಕಲಿ?

ನಮ್ಮ ಮಗಳು ಕೊಟ್ರಮ್ಮ ಅಂಬೆಗಾಲಿಡುತ್ತಿದ್ದಾಗ ಅವಳಿಗೂ ಹೀಗೇ ಆಗಿತ್ತು. ಆಗ ನಾವು ತೆಲಿಗಿಯಲ್ಲಿದ್ದೆವು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಓಣಿಯವರಿಗೆ ಅರ್ಜಿ ಬರೆದುಕೊಟ್ಟು ಬರೆದುಕೊಟ್ಟು, ಅರ್ಜಿಗೂ ರೋಗಕ್ಕೂ ಒಂದೇ ಬುದ್ಧಿ ಸಾಕು ಎಂದುಕೊಂಡಿದ್ದೆ.

"ನೀರು ಕೊಟ್ಟಷ್ಟೂ ಹೊರಗ ಹೋಗ್ತೈತಿ. ಒಂದು ಹನೀನೂ ಕೊಡಬ್ಯಾಡ," ಎಂದು ಅಪ್ಪಣೆ ಮಾಡಿದೆ.

ಆಸ್ಪತ್ರೆಗೆಂದು ಬಸ್ಸು ಹತ್ತಿದೆವು. ಹಾಲವ್ವ ದಾರಿಯುದ್ದಕ್ಕೂ ಕೂಸನ್ನು ಅವುಚಿಕೊಂಡು ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು. ಇಳಿಯುವಾಗ ನೋಡುತ್ತೇನೆ, ಸೆರಗು ತೊಯ್ದಿದೆ. ಚೀಲದೊಳಗಿನ ತಂಬಿಗೆಯ ನೀರಿನಲ್ಲಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಹಿಂಡಿದ್ದಳು. ಬಸ್ ಸ್ಟ್ಯಾಂಡಿನಲ್ಲೇ, ಜನರೆದುರಿಗೇ ಬೈದೆ.

ಡಾಕ್ಟರು ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು, ಸಲೈನ್ ಹಚ್ಚಿಸಿದರು. ಆಮೇಲೆ ಕೇಳಿದರು: "ದಾರ್ಯಾಗ ನೀರು ಕುಡಿಸಿದವರು ಯಾರು? ಇಲ್ಲಾಂದ್ರ ಕೂಸು ಇಲ್ಲೀತನ ಬರ್ತಿರಲಿಲ್ಲ."

"ನಾನ ರೀ," ಎಂದೆ.

ಬಾಯಿಂದ ಹೇಗೆ ಬಂತೋ. ಹಾಲವ್ವ ನೆಲ ನೋಡಿದಳು. ಮುಂದೆ ಬೀಗರು ನೆಂಟರು ಬಂದಾಗಲೆಲ್ಲ ಇದೇ ಕಥೆ ಹೇಳಿ ಹೊಗಳಿಸಿಕೊಂಡೆ. ಅವಳು ಚಹಾ ತಂದಿಟ್ಟು, "ಹೂಂ, ನಿಮ್ಮ ಕೈಗುಣ ದೊಡ್ಡದು ಬಿಡ್ರಿ," ಎಂದು ಒಳಗೆ ಹೋಗುತ್ತಿದ್ದಳು. ಆ ಕೊಂಕು ಮಾತಿಗಾಗಿ ಈಗ ಕಿವಿ ಹಾತೊರೆಯುತ್ತದೆ.

ಅದೇ ಸಂಜೆ ಮೊಮ್ಮಗಳು ಚೇತರಿಸಿಕೊಂಡು ಕಣ್ಣು ಬಿಟ್ಟಳು. ಜೀವ ಹಗುರಾದ ಕೊಟ್ರಮ್ಮ ನರ್ಸಮ್ಮನಿಗೆ ಹೆಮ್ಮೆಯಿಂದ, ತನಗೂ ಹೀಗಾದಾಗ ನೀರು ಹಾಕಿ ಉಳಿಸಿದವರು ಅಪ್ಪನೇ ಎಂದು ಹೇಳಿದಳು.

"ನಾನಲ್ಲ ಮಗಳೇ, ನಿಮ್ಮವ್ವ. ನಾನು ಬ್ಯಾಡ ಅಂದಿದ್ದೆ."

ಅವಳು ನನ್ನ ಕಡೆ ತಿರುಗಿದಳು. "ಅವ್ವ ಒಂದ್ಸಲನೂ ಹೇಳಲಿಲ್ಲಲ್ಲಪ್ಪ."

ಕೂಸಿನ ಹೊದಿಕೆ ಸರಿಮಾಡಿ ಕೊಟ್ರಮ್ಮ ಮಂಚದ ಮೇಲೆ ಸರಿದು ನನಗೂ ಜಾಗ ಮಾಡಿದಳು.

"ಅವ್ವಂದು ಇನ್ನೊಂದು ಹೇಳಪ್ಪ," ಎಂದಳು.

ಹೇಳಲು ಬಾಯಿ ತೆರೆದೆ. ನನಗೆ ಗೊತ್ತಿದ್ದ ಹಾಲವ್ವನ ಕಥೆಗಳಲ್ಲೆಲ್ಲ ನಾನೇ ದೊಡ್ಡವನಾಗಿದ್ದೆ.