ಘೋಣಸಗಿಯ ಗೋವಿನಜೋಳ, ಗಂಗವ್ವನ ಎಮ್ಮೆ

ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ತಿಕೋಟಾ ಭಾಗದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಹಿಂಗಾರಿನ ಒಂದು ಮುಂಜಾನೆ ಘೋಣಸಗಿಯ ರೈತ ಮಹಿಳೆ ಗಂಗವ್ವ ಫೋನ್ ಮಾಡಿದರು: "ಸಾಹೇಬ್ರ, ಪಂಪ್ ತೊಳದ ಇಟ್ಟೇನಿ. ಔಷಧಿ ಹೊಡೀಲೋ ಬ್ಯಾಡೋ, ಬಂದು ನೋಡಿ ಹೇಳ್ರಿ."

ಹೋಗಿ ನೋಡಿದರೆ ಗೋವಿನಜೋಳದ ಸುಳಿಗೆಲ್ಲ ಸಸ್ಯಹೇನು ಮುತ್ತಿತ್ತು. ಎಲೆ ಮುಟ್ಟಿದರೆ ಕೈಗೆ ಅಂಟು. ಅದು ಮೇವಿಗೆಂದೇ ಬಿತ್ತಿದ ಬೆಳೆ. ಮನೆಯಲ್ಲಿ ಈದ ಎಮ್ಮೆ. ಒಣ ಜೋಳದ ದಂಟಿನ, ಅಂದರೆ ಕಣಕಿಯ ಬಣವೆ ಆಗಲೇ ತಳ ಕಂಡಿತ್ತು. ಔಷಧಿ ಹೊಡೆದರೆ ವಿಷ ಇಳಿಯುವ ತನಕ ಮೇವು ಕೊಯ್ಯುವಂತಿಲ್ಲ. ಹೊಡೆಯದೆ ಹೇನು ಹೆಚ್ಚಿದರೆ ಕೊಯ್ಯಲು ಮೇವೇ ಇರುವುದಿಲ್ಲ. ಹೇಗೆ ನೋಡಿದರೂ ಎಮ್ಮೆಗೆ ಉಪವಾಸ.

ಒಂದು ಸುಳಿ ಬಿಡಿಸಿದೆ. ಬಾಲದಲ್ಲಿ ಇಕ್ಕಳದಂಥ ಕೊಂಡಿಯಿದ್ದ ಕಂದು ಹುಳುಗಳು ಸರಸರ ಒಳಗೆ ಸರಿದವು. ಇಯರ್‌ವಿಗ್! ನನಗೆ ಖುಷಿ, ಗಂಗವ್ವ ಮಾತ್ರ ಹಿಂದಕ್ಕೆ ಜಿಗಿದರು.

"ಯಪ್ಪಾ! ಇವು ಕಿವ್ಯಾಗ ಹೋಗೂ ಹುಳ ಅಲ್ಲೇನ್ರಿ? ಮೇವಿನ ಜೋಡಿ ಹೋಗಿ ಎಮ್ಮಿ ಕಿವ್ಯಾಗ ಹೊಕ್ರ? ಮೊದಲ ಇವನ್ನ ಕೊಲ್ಲಬೇಕು."

"ಬ್ಯಾಡ್ರಿ ಯವ್ವಾ. ಕಿವಿಗೆ ಹೋಗ್ತಾವ ಅನ್ನೂದು ಸುಳ್ಳ. ಇವು ಹೇನು ತಿಂತಾವ. ಔಷಧಿ ಹೊಡದ್ರ ಇವೂ ಸಾಯ್ತಾವ. ಒಂದ್ ವಾರ ತಡೀರಿ."

"ಹೇನ ಗೆದ್ರ ಎಮ್ಮಿ ನಿಮ್ಮ ಮನೀಗೆ ಹೊಡಕೊಂಡ ಬರ್ತೇನಿ. ನೀವ ಮೇವು ಹಾಕ್ರಿ!"

ನಕ್ಕುಬಿಟ್ಟೆ. ಆದರೆ ವಿಜಯಪುರದ ಮನೆ ಮುಟ್ಟುವ ತನಕ ಆ ಮಾತು ಕೊರೆಯುತ್ತಲೇ ಇತ್ತು. ಓದಿದ ವಿದ್ಯೆಯೇನೋ ಸರಿ, ಆ ಹೊಲಕ್ಕೆ ಅಷ್ಟು ಹುಳು ಸಾಕೋ ಇಲ್ಲವೋ ಯಾರು ಬಲ್ಲರು?

ಎರಡು ದಿನ ಬಿಟ್ಟು ಹೋದಾಗ ಎಲೆಗಳ ಮೇಲೆ ಹೇನು ಇನ್ನೂ ಹೆಚ್ಚಿತ್ತು. ಗಂಗವ್ವ ಬದುವಿನ ಕಡೆ ಕೈ ತೋರಿಸಿದರು. ಅದರ ಮೇಲೆ ಪಂಪು, ಪಕ್ಕದಲ್ಲಿ ಸೀಲು ಒಡೆಯದ ಔಷಧಿ ಬಾಟಲಿ. ನನಗೆ ನಿಜಕ್ಕೂ ಹೆದರಿಕೆಯಾಯಿತು. 'ಹೊಡೆದುಬಿಡಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇನ್ನೊಮ್ಮಿ ಸುಳಿ ಬಿಡಸ್ರಿ," ಎಂದರು ಅವರೇ.

ಬಿಡಿಸಿದೆ. ಹೊರಗೆ ಹೇನಿದ್ದರೂ ಸುಳಿಯ ಒಳಗೆ ಬಹಳಷ್ಟು ಖಾಲಿಯಾಗಿತ್ತು. ಒಂದು ಹುಳು ಬಾಯಲ್ಲಿ ಹೇನು ಕಚ್ಚಿಕೊಂಡಿತ್ತು. ಗಂಗವ್ವ ಕಿವಿಗೆ ಸೆರಗು ಮುಚ್ಚಿಕೊಂಡೇ ಬಗ್ಗಿ ನೋಡಿದರು.

"ತಿನ್ನಾಕತ್ತೈತಿ ನೋಡ್ರಿ," ಎಂದವರೇ ಬಾಟಲಿ ಎತ್ತಿಕೊಂಡು ಮನೆಗೆ ನಡೆದರು.

ವಾರ ಕಳೆಯುವಷ್ಟರಲ್ಲಿ ಹೇನು ಇಳಿಯಿತು. ಹೇನು ತಿನ್ನುವ ಗುಲಗಂಜಿ ಹುಳುಗಳೂ ಕೈಜೋಡಿಸಿದ್ದವು. ಮೇವು ಕೊಯ್ಯುವ ದಿನ ಗಂಗವ್ವ ಮೇವಿನ ಪ್ರತಿ ಸಿವುಡನ್ನೂ, ಅಂದರೆ ಕಟ್ಟನ್ನೂ, ಹುಳು ಅಲ್ಲೇ ಉದುರಲೆಂದು ಇನ್ನೂ ಕೊಯ್ಯದೆ ನಿಂತ ಸಾಲಿನ ಮೇಲೆ ಜಾಡಿಸುತ್ತಿದ್ದರು.

"ಕಿವಿ ಅಂಜಿಕಿ ಇನ್ನೂ ಹೋಗಿಲ್ಲೇನ್ರಿ?" ಎಂದೆ.

"ಅದೂ ಐತ್ರಿ. ಆದ್ರ ಇವು ಹೊಲದಾಗ ಇದ್ರ ಚಲೋ."

'ತಡೀರಿ' ಎಂದು ಸಲಹೆ ಕೊಟ್ಟವನು ನಾನು. ತಡೆದವರು ಗಂಗವ್ವ. ಸಲಹೆ ತಪ್ಪಿದ್ದರೂ ನನ್ನ ಸಂಬಳ ನಿಲ್ಲುತ್ತಿರಲಿಲ್ಲ, ಉಪವಾಸ ಬೀಳುತ್ತಿದ್ದ ಎಮ್ಮೆ ಅವರದು.