ಸಮುದ್ರದ ಮೇಲೆ ತೇಲುತ್ತಿದ್ದ ನಾನು

ಕೋವಿಡ್ ಕಾಲದಲ್ಲಿ ಊರಿಂದ ಜಪಾನಿಗೆ ವಾಪಸ್ ಬಂದವನನ್ನು ಟೋಕಿಯೋ ಕೊಲ್ಲಿಯ ಪಕ್ಕದ ಹೋಟೆಲಲ್ಲಿ ಹದಿನಾಲ್ಕು ದಿನ ಕೂಡಿಹಾಕಿದರು. ಕಿಟಕಿಯಾಚೆ ಬೂದುಬಣ್ಣದ ನೀರು, ಒಳಗೆ ನಾನು ಮತ್ತು ನನ್ನ ಪಿಎಚ್‌ಡಿ.

ಸಾವಿರ ವರ್ಷದ ಹಿಂದೆ ಒಬ್ಬ ಮುಸ್ಲಿಂ ತತ್ವಜ್ಞಾನಿ ಹೇಳಿದ್ದ: ಏನನ್ನೂ ಕಾಣದೆ, ಮುಟ್ಟದೆ ಗಾಳಿಯಲ್ಲಿ ತೇಲುವ ಮನುಷ್ಯನಿಗೂ ತಾನಿದ್ದೇನೆ ಅನ್ನುವುದು ಗೊತ್ತಿರುತ್ತದೆ. ಆರು ಶತಮಾನದ ನಂತರ ಯುರೋಪಿನವನೊಬ್ಬ, ಯೋಚಿಸುತ್ತಿದ್ದೇನಲ್ಲ, ಹಾಗಾದರೆ ಇದ್ದೇನೆ ಅಂದ. ಇವರಿಬ್ಬರನ್ನು ಮಾತಿಗೆ ಕೂರಿಸುವುದೇ ನನ್ನ ಸಂಶೋಧನೆ.

ದಿನಕ್ಕೆ ಮೂರು ಸಲ ಫೋನಿನ ಆ್ಯಪ್‌ನಲ್ಲಿ 'ನಾನು ಇಲ್ಲಿದ್ದೇನೆ' ಅನ್ನೋ ಬಟನ್ ಒತ್ತಿ ನಾನಿರುವ ಜಾಗ ತಿಳಿಸಬೇಕಿತ್ತು. ಐದನೇ ದಿನ ಒತ್ತಿದ ಕೂಡಲೇ ಕ್ವಾರಂಟೈನ್ ಕಚೇರಿಯ ಹೆಂಗಸೊಬ್ಬರು ಫೋನ್ ಮಾಡಿದರು.

"ಸುಮಿಮಾಸೆನ್, ಕ್ಷಮಿಸಿ, ನೀವು ಸಮುದ್ರದಲ್ಲಿದ್ದೀರಿ."

ಮ್ಯಾಪ್ ನೋಡಿದೆ. ನಿಜ, ನನ್ನ ನೀಲಿ ಚುಕ್ಕೆ ದಡ ಬಿಟ್ಟು ನೀರಿನ ಮೇಲಿತ್ತು.

"ಇಲ್ಲ, ರೂಮಲ್ಲೇ ಇದ್ದೀನಿ."

"ಸಾಬೀತಾಗದಿದ್ದರೆ ಹದಿನಾಲ್ಕು ದಿನ ಮತ್ತೆ ಮೊದಲಿಂದ ಶುರುವಾಗುತ್ತೆ."

ಪಿತ್ತ ನೆತ್ತಿಗೇರಿತು. "ನಿಮ್ಮ ಹತ್ರ ಮಾತಾಡ್ತಿದ್ದೀನಲ್ಲ, ನಾನಿರೋದಕ್ಕೆ ಇನ್ನೇನು ಸಾಕ್ಷಿ ಬೇಕು?"

"ನೀವಿದ್ದೀರಿ ಅನ್ನೋದರಲ್ಲಿ ನಮಗೆ ಅನುಮಾನವಿಲ್ಲ," ಅಂದರು ಆಕೆ, ತುಂಬ ಮೃದುವಾಗಿ. "ಆದರೆ ವಿಡಿಯೋದಲ್ಲಿ ನಿಮ್ಮ ಹಿಂದೆ ಹೋಟೆಲಿನ ಗೋಡೆ ಕಾಣಬೇಕು."

ವಿಡಿಯೋ ಹಾಕಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಆಕೆ ತಲೆಬಾಗಿ ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿದರು.

ಆಮೇಲೂ ಚುಕ್ಕೆ ದಡಕ್ಕೆ ಬರಲಿಲ್ಲ. ಮಂಚದ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದೆ. ಹಡಗುಗಳ ನಡುವೆ, ಮಾಸ್ಕಿಲ್ಲದೆ, ಅದರ ಪಾಡಿಗೆ ಅದು ತೇಲುತ್ತಿತ್ತು. ಗೋಡೆ ತೋರಿಸು ಅಂತ ಅದನ್ನು ಯಾರೂ ಕೇಳಲಿಲ್ಲ.