ಸೋರುವ ಟಾಕಿಗೆ ನೀರು ತುಂಬಿಸಿದವರು

ನಾಳಿನ ಕಟ್ಟಡಗಳು ಹೇಗಿರಬೇಕೆಂಬ ಚರ್ಚೆ ಸಭಾಂಗಣಗಳಲ್ಲಿ ಜೋರಾಗಿ ನಡೆಯುತ್ತಿರುವ ಈ ದಿನಗಳಲ್ಲಿ, ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಸೀಮೆಯಲ್ಲಿ ಆ ಪ್ರಶ್ನೆಗೆ ಕರಣಿ ಹಿಡಿದೇ ಉತ್ತರ ಹುಡುಕಿದವರು ಶ್ರೀ ಶರಣಬಸವ ಅಂಗಡಿಯವರು. ಹಳಿಯಾಳದ ನಮ್ಮ ‘ನೆಲೆ’ ಕಟ್ಟಡ ತರಬೇತಿ ಕೇಂದ್ರದಲ್ಲಿ ಎರಡು ದಶಕಗಳಿಗೂ ಮೀರಿ ಎಂಜಿನಿಯರರಾಗಿ ದುಡಿದು, ಈ ೨೦೦೮ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಈ ಅಭಿನಂದನ ಸಂಪುಟಕ್ಕೆ ಬರೆಯುವುದು, ಅವರ ಕೈಕೆಳಗೆ ಪಳಗಿದ ನನಗೆ ಗೌರವವೂ ಹೌದು, ಸ್ವಲ್ಪ ಅಂಜಿಕೆಯೂ ಹೌದು. ಹೊಗಳಿಕೆ ಕಂಡಲ್ಲೆಲ್ಲ ಅವರು ಕೆಂಪು ಶಾಯಿಯ ಗೆರೆ ಎಳೆಯುವುದು ಖಂಡಿತ.

ಕಾರ್ಖಾನೆಯ ಬೂದಿಯಿಂದ ಇಟ್ಟಿಗೆ, ಸ್ಥಳದ ಮಣ್ಣನ್ನೇ ಒತ್ತಿ ಮಾಡಿದ ಗೋಡೆ, ಕಬ್ಬಿಣದ ಜಾಳಿಗೆಗೆ ತೆಳುವಾಗಿ ಗಾರೆ ಬಳಿದ ನೀರಿನ ಟಾಕಿ: ಇವೆಲ್ಲ ನಮ್ಮ ಕಡೆ ಕಾಲಿಟ್ಟದ್ದು ಅವರಿಂದ. ತಾನೇ ಬಿರುಕು ಮುಚ್ಚಿಕೊಳ್ಳುವ ಕಾಂಕ್ರೀಟು, ಬಿಸಿಲಿಗೆ ತಾನೇ ಮಬ್ಬಾಗುವ ಗಾಜು ಎಂದೆಲ್ಲ ಪತ್ರಿಕೆಗಳಲ್ಲಿ ಓದಿ ನಾವು ಬೆರಗಾಗಿ ಕೂತರೆ, “ವಸ್ತು ಶ್ಯಾಣೇ ಆತು ಅಂತ ನಾವು ದಡ್ಡ ಆಗಬಾರದು” ಎಂದು ಎಬ್ಬಿಸುತ್ತಿದ್ದರು. ನಾನು ಜೊಯಿಡಾದಲ್ಲಿ ಮಲೇರಿಯಾ ಹಿಡಿದು ಮಲಗಿದಾಗ, ಇದ್ದೊಂದು ಬಸ್ಸು ತಪ್ಪಿತೆಂದು ಲಾರಿ ಹತ್ತಿ ಬಂದು ನನ್ನನ್ನು ದಾಂಡೇಲಿಯ ಆಸ್ಪತ್ರೆಗೆ ಸೇರಿಸಿದವರು ಅವರೇ. ಸೊಳ್ಳೆಪರದೆ ಕಟ್ಟದೆ ಮಲಗಿದ್ದಕ್ಕೆ ದಾರಿಯುದ್ದಕ್ಕೂ ಬೈದರು.

ಆದರೆ ಅವರ ಹಟ ಎಂಥದೆಂದು ನಾನು ಕಂಡದ್ದು ೧೯೯೮ರ ಬೇಸಿಗೆಯಲ್ಲಿ, ಮುಂಡಗೋಡದ ಸನವಳ್ಳಿ ಸಮೀಪದ ಒಂದು ಲಂಬಾಣಿ ತಾಂಡಾದಲ್ಲಿ. ಅಲ್ಲಿ ಕರೆಂಟು ಬಂದಾಗ ಬೋರಿನ ನೀರು, ಹೋದಾಗ ದೂರದ ಹಳ್ಳವೇ ಗತಿ. ನೀರು ಹಿಡಿದಿಡಲು ಟಾಕಿ ಬೇಕಿತ್ತು. ಎರಡು ಬೆರಳು ದಪ್ಪದ ಟಾಕಿ ನಿಂತೀತೇ ಎಂದು ತಾಂಡಾದ ನಾಯಕ ಗೇಮಪ್ಪನವರು ಅನುಮಾನಿಸಿದಾಗ, ಹೆಂಗಸರ ಪರವಾಗಿ ಎದ್ದುನಿಂತು ಒಪ್ಪಿಸಿದವರು ಜಮುನಾಬಾಯಿ. ಟಾಕಿ ಎದ್ದಿತು. ಮರುದಿನವೇ ಹೋಳಿ. ಹಾಡು, ಕುಣಿತದಲ್ಲಿ ತಾಂಡಾ ಮುಳುಗಿತು. ಹಸಿ ಗಾರೆಗೆ ನೀರುಣಿಸುವವರಿಲ್ಲದೆ ಟಾಕಿ ಬಿಸಿಲಿಗೆ ಒಣಗಿ ಕೂದಲೆಳೆಯ ಬಿರುಕು ಬಿಟ್ಟಿತು. ಮೊದಲ ಸಲ ನೀರು ತುಂಬಿದಾಗ ಸುತ್ತಲೂ ಜಿನುಗಿತು.

“ಇದು ಟಾಕಿ ಅಲ್ಲರೀ, ಜರಡಿ. ಒಡದು ಹಾಕ್ರಿ” ಎಂದರು ಗೇಮಪ್ಪನವರು. ಕುಣಿಯಲು ಹೋದವರದೇ ತಪ್ಪೆಂದು ನಮ್ಮ ಕೇಂದ್ರದ ಅಧ್ಯಕ್ಷರೂ ಗದರಿದರು. ಜಮುನಾಬಾಯಿ ತಲೆ ತಗ್ಗಿಸಿದ್ದರು. ಟಾಕಿ ಒಡೆದರೆ ಬೇಸಿಗೆಯಿಡೀ ಹಳ್ಳದ ದಾರಿ. ಜೊತೆಗೆ, ತಾಂಡಾದಲ್ಲಿ ಅವರ ಮಾತಿಗೆ ಇನ್ನು ಬೆಲೆಯಿಲ್ಲ.

“ತಾರೀಕು ಹಾಕಿದಾಂವ ನಾನು. ಹೋಳಿ ಯಾವಾಗಂತ ಕೇಳಲಿಲ್ಲ, ತಪ್ಪು ನಂದು” ಎಂದರು ಶರಣಬಸವ ಅವರು. “ಗಾರ್ಯಾಗ ಸುಣ್ಣ ಐತಿ. ಬಿರುಕು ಸಣ್ಣವು. ನೀರು ಜಿನುಗಿದಂಗ ಸುಣ್ಣ ಅಲ್ಲೇ ಗಟ್ಟಿಯಾಗಿ ಮುಚ್ಚತೈತಿ. ಒಂದು ತಿಂಗಳ ಟಾಕಿ ಒಣಗಾಕ ಬಿಡಬ್ಯಾಡ್ರಿ.”

“ಸೋರೂ ಟಾಕಿಗೆ ನೀರ ಹಾಕೂಣೇನ್ರೀ?” ಎಂದು ಗೇಮಪ್ಪನವರು ನಕ್ಕರು.

ಆಗ ಜಮುನಾಬಾಯಿ ತಲೆಯೆತ್ತಿದರು. “ಸೋರಿದ್ದು ಎಲ್ಲಿ ಹೊಕ್ಕೈತಿ? ಕೆಳಗ ಕೊಡ ಇಡತೇವಿ.”

ಕೊಡಗಳ ಸಾಲು ಬಂತು. ಕರೆಂಟು ಬಂದಾಗಲೆಲ್ಲ ಹೆಂಗಸರು ಟಾಕಿ ತುಂಬಿಸಿದರು, ಜಿನುಗಿದ್ದನ್ನು ಕೊಡಗಳಲ್ಲಿ ಹಿಡಿದರು. ಊರವರು ನಗುತ್ತ ಹೋದರು. ಬಿರುಕು ಮುಚ್ಚದಿದ್ದರೆ ಏನು ಗತಿಯೆಂದು ನಾನು ದಾರಿಯಲ್ಲಿ ಶರಣಬಸವ ಅವರನ್ನು ಕೇಳಿದರೆ, “ನಾನ ಒಡೀತೇನಿ, ನಾನ ಮತ್ತ ಕಟ್ಟತೇನಿ” ಎಂದರು. ದಿನ ಬಿಟ್ಟು ದಿನ ಹಳಿಯಾಳದಿಂದ ಬಂದು, ಬಿರುಕಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಅವರಿಗೂ ಒಳಗೊಳಗೇ ಪುಕುಪುಕು ಇತ್ತೆಂದು ನಾನು ಬಲ್ಲೆ.

ಒಂದು ಮುಂಜಾನೆ ನಾವು ಬೈಕಿನಿಂದ ಇಳಿಯುವುದಕ್ಕೂ ಜಮುನಾಬಾಯಿ ಖಾಲಿ ಕೊಡ ಹಿಡಿದು ಎದುರಾಗುವುದಕ್ಕೂ ಸರಿಹೋಯಿತು. “ಏನ್ ಮಾಡೀರಿ ಸಾಹೇಬ್ರ? ರಾತ್ರಿ ಇಟ್ಟ ಕೊಡ ಹಂಗ ಐತಿ, ಹನಿ ನೀರ ಬಿದ್ದಿಲ್ಲ!” ಬೈಗುಳದಂತೆ ಶುರುವಾದದ್ದು ನಗುವಾಯಿತು. ಬಿರುಕುಗಳಿದ್ದಲ್ಲಿ ಸುಣ್ಣದ ಬಿಳಿ ಗೆರೆಗಳು ಮೂಡಿದ್ದವು. ಗೇಮಪ್ಪನವರು ಟಾಕಿಯ ಸುತ್ತ ಎರಡು ಸುತ್ತು ಹಾಕಿ, ನೀರು ತುಂಬಿಕೊಳ್ಳಲು ತಮ್ಮ ಮನೆಯ ಕೊಡವನ್ನೂ ತರಿಸಿದರು. ಶರಣಬಸವ ಅವರು ಅತ್ತ ತಿರುಗಿ ಕನ್ನಡಕ ಒರೆಸಿಕೊಂಡರು.

ಆ ಟಾಕಿ ಉಳಿದದ್ದರಿಂದಲೇ ಮುಂದೆ ಜೊಯಿಡಾದಲ್ಲಿ, ಅಣಶಿಯ ಕಡೆಯ ಶಾಲೆಗಳಲ್ಲಿ ಇಂಥವೇ ಟಾಕಿಗಳೆದ್ದವು.

ಈ ಸಂಪುಟಕ್ಕೆ ಎರಡು ಹಾರೈಕೆಯ ಮಾತು ಕೇಳಲು ಕಳೆದ ವಾರ ಜಮುನಾಬಾಯಿಯವರ ಬಳಿ ಹೋಗಿದ್ದೆ. ನಿವೃತ್ತಿಯೆಂದರೇನೆಂದು ಕೇಳಿ ತಿಳಿದುಕೊಂಡು, “ಅಂದ್ರ ಇನ್ನ ಅವರಿಗೆ ಪುರುಸೊತ್ತು ಐತಿ ಅನ್ರಿ. ಮ್ಯಾಲಿನ ಓಣಿಗೆ ಇನ್ನೊಂದು ಟಾಕಿ ಬೇಕು. ಬರಾಕ ಹೇಳ್ರಿ” ಎಂದರು. ಪೂಜ್ಯ ಶರಣಬಸವ ಅವರಿಗೆ ಆಯುರಾರೋಗ್ಯ ಕೋರಿ ಹಾರ ಹಾಕುವುದು ನಮ್ಮ ಸಂತೋಷ. ಅವರು ಮಾತ್ರ ಜಮುನಾಬಾಯಿಯವರ ಆ ಸಂದೇಶ ಕೇಳಿದ ಕೂಡಲೇ ಅಭಿನಂದನ ಸಮಾರಂಭದ ಮರುದಿನವೇ ಹೊರಡುವುದೆಂದು ನಿಶ್ಚಯಿಸಿ, ಜಾಳಿಗೆ ಕತ್ತರಿಸಲು ನನಗೂ ಬರಹೇಳಿದ್ದಾರೆ.